ತಾಳೆಯಾಗದ ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮಗೆ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಎಂಟು ರೂಪಾಯಿ ವ್ಯತ್ಯಾಸಕ್ಕಾಗಿ ರಾತ್ರಿ ಹತ್ತರವರೆಗೆ ಕೂತದ್ದುಂಟು. ಅದಕ್ಕೇ ಇರಬೇಕು, ಹೋದ ವರ್ಷ, 2025ರ ಆಗಸ್ಟ್‌ನಲ್ಲಿ ಜಿನೀವಾದ ಸುದ್ದಿ ಓದಿ ನನಗೆ ಸಿಟ್ಟು ಬಂತು. ಪ್ಲಾಸ್ಟಿಕ್ ಮಾಲಿನ್ಯ ತಡೆಯುವ ಒಪ್ಪಂದಕ್ಕೆಂದು ಸೇರಿದ್ದ ನೂರೆಂಬತ್ತಕ್ಕೂ ಹೆಚ್ಚು ದೇಶಗಳವರು ಲೆಕ್ಕ ತಾಳೆಯಾಗದೆಯೇ ಮನೆಗೆ ಹೊರಟಿದ್ದರು!

"ಯಾಕೆ ತಾತ?" ಎಂದಳು ಏಳನೇ ತರಗತಿಯ ಮೊಮ್ಮಗಳು.

ಹೇಳಿದೆ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆ, 2024 ಮುಗಿಯುವುದರೊಳಗೆ ಒಪ್ಪಂದ ಸಿದ್ಧವಾಗಬೇಕೆಂದು ತೀರ್ಮಾನಿಸಿತ್ತು. ಉರುಗ್ವೆಯಿಂದ ದಕ್ಷಿಣ ಕೊರಿಯಾದ ಬುಸಾನ್‌ವರೆಗೆ ಐದು ಸಭೆಗಳಾದವು, ಗಡುವು ದಾಟಿತು. ಪ್ಲಾಸ್ಟಿಕ್ ತಯಾರಿಕೆಯನ್ನೇ ಕಡಿಮೆ ಮಾಡೋಣ ಎಂದು ನೂರಕ್ಕೂ ಹೆಚ್ಚು ದೇಶಗಳು. ಅದೆಲ್ಲ ಬೇಡ, ಕಸ ಸರಿಯಾಗಿ ವಿಲೇವಾರಿ ಮಾಡಿದರೆ ಸಾಕು ಎಂದು ಸೌದಿ ಅರೇಬಿಯಾದಂಥ ತೈಲ ದೇಶಗಳು. (ಪ್ಲಾಸ್ಟಿಕ್ ಬಹುಪಾಲು ತೈಲ, ಅನಿಲಗಳಿಂದಲೇ ತಯಾರಾಗುವುದು!) ಸಭೆಯ ರೂಢಿ ಸರ್ವಾನುಮತ, ನಮ್ಮ ದೇಶವೂ ಅದನ್ನೇ ಕೇಳುತ್ತದೆ. ಕೆಲವರು ಬೇಡವೆಂದರೂ ಕಡತ ಅಲ್ಲೇ ನಿಲ್ಲುತ್ತದೆ.

"ನಮ್ಮನೇಲೂ ಸಭೆ ಮಾಡೋಣ" ಎಂದಳು. ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ಹಿಡಿದು ಕೂತಳು. ನಿರ್ಣಯ: ಇನ್ನು ಮನೆಗೆ ಪ್ಲಾಸ್ಟಿಕ್ ಕವರ್ ತರಬಾರದು. ಮಗ, ಸೊಸೆ, ನಮ್ಮವಳು ಎಲ್ಲರೂ ಒಪ್ಪಿದರು. ನಾನು ಮಾತ್ರ, "ವಾಕಿಂಗ್ ಹೋದಾಗ ಕೈಚೀಲ ಎಲ್ಲಿರುತ್ತೆ? ತರೋಣ, ತೊಳೆದು ಮಡಿಸಿ ಒಣಕಸಕ್ಕೆ ಹಾಕೋಣ" ಎಂದೆ.

ನಮ್ಮವಳು ಮಾತಾಡದೆ ಎದ್ದು, ಅಡುಗೆಮನೆ ಬಾಗಿಲ ಹಿಂದೆ ನೇತಾಡುತ್ತಿದ್ದ ಕವರುಗಳ ಗಂಟು ತಂದು ನನ್ನ ಮುಂದಿಟ್ಟಳು. ಹಳೇ ಅಭ್ಯಾಸ, ನೋಟು ಎಣಿಸಿದಂತೆ ಎಣಿಸಿದೆ. ನೂರಹನ್ನೆರಡು. ಎಲ್ಲ ನಾನೇ ತಂದದ್ದು. ನಮ್ಮ ರಾಜ್ಯದಲ್ಲಿ 2016ರಲ್ಲೇ ಇವನ್ನು ನಿಷೇಧಿಸಿದ್ದಾರೆ ಎಂದು ಮಗ ನೆನಪಿಸಿದ.

"ತಾತ, ನೀನೇ ಸೌದಿ ಅರೇಬಿಯಾ!" ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನೋಟ್‌ಬುಕ್ಕಿನಲ್ಲಿ ನಾಲ್ಕು ಸಹಿ ಬಿದ್ದವು. ಐದನೆಯ ಜಾಗ ಖಾಲಿ. ಮೂರು ದಿನ ಚೀಲ ಹಿಡಿದುಕೊಂಡೇ ಹೋದೆ. ನಾಲ್ಕನೆಯ ದಿನ ಮರೆತೆ. ಅಂಗಡಿಯವ ಅಭ್ಯಾಸದಂತೆ ಕವರ್ ಬಿಡಿಸಿದ. ಬೇಡವೆಂದು, ಕೊತ್ತಂಬರಿ ಕಟ್ಟು ಒಂದು ಕೈಯಲ್ಲಿ, ಸೋರೆಕಾಯಿ ಕಂಕುಳಲ್ಲಿ ಹಿಡಿದು ಬೀದಿಯುದ್ದಕ್ಕೂ ನಡೆದು ಬಂದೆ.

ಮನೆಗೆ ಬಂದು ಕೈ ತೊಳೆದು, ನೋಟ್‌ಬುಕ್ ಕೇಳಿದೆ.