ಮಲೆನಾಡಿನ ಬೆಳಕಿನಲ್ಲಿ ಒಂದು ಕ್ಯಾಮೆರಾ ಪರೀಕ್ಷೆ

ಡಿಜಿಟಲ್ ಎಸ್ಸೆಲ್ಲಾರ್ ಕ್ಯಾಮೆರಾಗಳ ಕಾಲ ಮುಗಿಯಿತು ಎನ್ನುವವರಿದ್ದಾರೆ. 2003ರಲ್ಲಿ ಕ್ಯಾನನ್ 300ಡಿ ಬಂದಾಗ ಅದು ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಮೊದಲ ಡಿಎಸ್ಸೆಲ್ಲಾರ್ ಎಂದು ದೊಡ್ಡ ಸುದ್ದಿಯಾಗಿತ್ತು. ಅದರಲ್ಲಿದ್ದದ್ದು ಬರೀ 6.3 ಮೆಗಾಪಿಕ್ಸೆಲ್. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳೆರಡೂ ಒಳಗೆ ಕನ್ನಡಿಯೇ ಇಲ್ಲದ, ದೊಡ್ಡ ಸೆನ್ಸರಿನ ಕ್ಯಾಮೆರಾಗಳನ್ನು ಹೊರತಂದವು. ಆಮೇಲೆ ಮದುವೆ ಫೋಟೊ ತೆಗೆಯುವವರೆಲ್ಲ ಒಬ್ಬೊಬ್ಬರಾಗಿ ಹಳೆಯದನ್ನು ಮಾರತೊಡಗಿದರು. ನನ್ನಂಥ ಹವ್ಯಾಸಿಗಳಿಗೆ ಇದು ಸುಗ್ಗಿ.

ಕೊಪ್ಪದ ಪರಿಚಯದವರೊಬ್ಬರು ಹಾಗೆಯೇ ತಮ್ಮ 18 ಮೆಗಾಪಿಕ್ಸೆಲ್ಲಿನ ಕ್ಯಾಮೆರಾವನ್ನು, ಜೊತೆಗೊಂದು 50 ಮಿಲಿಮೀಟರಿನ ಲೆನ್ಸನ್ನು, ನನ್ನ ಕೈಗಿಟ್ಟರು. "ಹದಿನೈದು ದಿನ ಇಟ್ಕೊಳ್ಳಿ ಸಾರ್, ಚೆನ್ನಾಗಿ ಪರೀಕ್ಷೆ ಮಾಡಿ. ಬೇಡ ಅನ್ಸಿದ್ರೆ ವಾಪಸ್ ಕೊಡಿ, ಬೇಜಾರಿಲ್ಲ" ಎಂದರು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಮಲೆನಾಡಿನಲ್ಲಿ ಹಳೆಯ ಲೆನ್ಸು ಕೊಳ್ಳುವವರು ಮೊದಲು ನೋಡಬೇಕಾದದ್ದು ಬೂಷ್ಟು. ನಾಲ್ಕು ತಿಂಗಳ ಮಳೆಯಲ್ಲಿ ಗಾಜಿನೊಳಗೆ ಜೇಡರ ಬಲೆಯಂತೆ ಹಬ್ಬಿರುತ್ತದೆ. ಟಾರ್ಚು ಬಿಟ್ಟು ನೋಡಿದೆ, ಇರಲಿಲ್ಲ. ಪುಣ್ಯಾತ್ಮರು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಾಪಾಡಿದ್ದರು.

ಕ್ಯಾಮೆರಾದ ಗುಣಮಟ್ಟ ಅಳೆಯುವ ಶಾಸ್ತ್ರೋಕ್ತ ಕ್ರಮವೊಂದಿದೆ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೇರವಾಗಿ ಕೂರಿಸಿ, ಒಳಗಿನ ಕನ್ನಡಿಯ ಅದುರುವಿಕೆ ತಾಗದಂತೆ ಅದನ್ನು ಮೊದಲೇ ಮೇಲೆತ್ತಿಸಿ, ಎರಡು ಸೆಕೆಂಡು ಬಿಟ್ಟು ಕ್ಲಿಕ್ಕಿಸುವುದು. ಲೆನ್ಸಿನ ಕಿಂಡಿಯನ್ನು ಒಂದೊಂದೇ ಹೆಜ್ಜೆ ಕಿರಿದು ಮಾಡುತ್ತ ಹೋದರೆ ಎಫ್ 5.6, ಎಫ್ 8ರ ಹೊತ್ತಿಗೆ ಹಾಳೆಯ ನಾಲ್ಕು ಮೂಲೆಯ ಅಕ್ಷರಗಳೂ ಚೂಪಾಗುತ್ತವೆ. ಎಫ್ 16 ದಾಟಿದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಮತ್ತೆ ಮಂಕು. ಇದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಆದರೆ ನಾನು ಗೋಡೆಗಂಟಿಸಿದ ಪತ್ರಿಕೆಯ ಫೋಟೊ ತೆಗೆಯಲು ಕ್ಯಾಮೆರಾ ಕೊಳ್ಳುತ್ತಿರಲಿಲ್ಲವಲ್ಲ! ಅದಕ್ಕೇ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲು ಕೊಪ್ಪದ ಅಡಿಕೆ ತೋಟ. ಡಿಜಿಟಲ್ ಸೆನ್ಸರಿಗೆ ಸ್ವತಃ ಬಣ್ಣ ತಿಳಿಯದು. ಅದರ ಚುಕ್ಕಿಗಳ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಾಜುಗಳನ್ನು ಹಾಸಿರುತ್ತಾರೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಹಾಸಿನಲ್ಲಿ ಅರ್ಧದಷ್ಟು ಚುಕ್ಕಿಗಳು ಹಸಿರಿಗೇ ಮೀಸಲು, ಉಳಿದರ್ಧ ಕೆಂಪು ಮತ್ತು ನೀಲಿಗೆ ಸಮಪಾಲು. ನಮ್ಮ ಕಣ್ಣು ಸೂಕ್ಷ್ಮ ವಿವರಗಳನ್ನು ಹೆಚ್ಚಾಗಿ ಹಸಿರಿನ ಸುತ್ತಲ ಬೆಳಕಿನಲ್ಲೇ ಹಿಡಿಯುತ್ತದೆ ಎಂಬುದು ಇದಕ್ಕೆ ಕಾರಣ. ಮಲೆನಾಡಿನವರಿಗೆಂದೇ ಮಾಡಿದಂತಿದೆ ಎಂದುಕೊಂಡರೆ ತಪ್ಪಾಗುತ್ತದೆ. ಸೋಗೆಗಳ ನಡುವಿನಿಂದ ಸೋಸಿ ಬರುವ ಬೆಳಕೇ ಹಸಿರು. ಅದರಡಿ ನಿಂತವನ ಬಿಳಿ ಅಂಗಿ ಹಸಿರು, ಮುಖವೂ ಕಾಮಾಲೆ ಹಿಡಿದವನಂತೆ. ತೋಟದ ಯಜಮಾನರ ಬಿಳಿ ಪಂಚೆಯನ್ನೇ ಗುರಿಯಾಗಿಟ್ಟು 'ಇದು ಬಿಳಿ' ಎಂದು ಕ್ಯಾಮೆರಾಕ್ಕೆ ತಿಳಿಸಿಕೊಟ್ಟ ಮೇಲೆ ಬಣ್ಣ ಸರಿಹೋಯಿತು. ತಲೆಯೆತ್ತಿ ಮೋಡದ ಆಕಾಶಕ್ಕೆ ಎದುರಾಗಿ ಸೋಗೆ ತೆಗೆದರೆ ಗರಿಗಳ ಅಂಚಿಗೆ ನೇರಳೆ ಗೆರೆ. ಲೆನ್ಸಿನ ಈ ದೋಷ ಪತ್ರಿಕೆಯ ಹಾಳೆಯಲ್ಲಿ ಕಂಡಿರಲಿಲ್ಲ. ಕಿಂಡಿ ಕಿರಿದು ಮಾಡಿದಾಗ ಬಹುಪಾಲು ಮಾಯವಾಯಿತು.

ಶೃಂಗೇರಿಯಲ್ಲಿ ನನಗೆ ಬೇಕಾಗಿದ್ದದ್ದು ಕಲ್ಲು. ಜಗತ್ತೆಲ್ಲ ಸರಾಸರಿ ಬೂದು ಬಣ್ಣದ್ದು ಎಂದು ಕ್ಯಾಮೆರಾದ ಮೀಟರು ನಂಬಿಕೊಂಡಿರುತ್ತದೆ. ಅದಕ್ಕಾಗಿ ಫೋಟೊಗ್ರಾಫರುಗಳು ಶೇಕಡಾ 18ರಷ್ಟು ಬೆಳಕು ಹಿಂದಿರುಗಿಸುವ ಬೂದು ಕಾರ್ಡು ಇಟ್ಟುಕೊಳ್ಳುತ್ತಾರೆ. 14ನೇ ಶತಮಾನದ ವಿದ್ಯಾಶಂಕರ ದೇಗುಲದ ಹೊರಗೋಡೆ ಹೆಚ್ಚುಕಡಿಮೆ ಅಂಥದ್ದೇ ಒಂದು ಕಾರ್ಡು! ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿಗೆ, ಸೂರ್ಯನ ಬಿಸಿಲು ಆಯಾ ತಿಂಗಳಿಗೆ ತಕ್ಕಂತೆ ಬೀಳುತ್ತದೆಂದು ಜನ ಹೇಳುವ ಆ ದೇಗುಲವನ್ನು ನಾನು ಹೊರಗಿನಿಂದಷ್ಟೇ ತೆಗೆದೆ. ಗೋಡೆಯ ಸಾಲು ಸಾಲು ಕೆತ್ತನೆಗಳಲ್ಲಿ ಸೆನ್ಸರು ಎಷ್ಟು ವಿವರ ಹಿಡಿಯುತ್ತದೆಂದು ನೋಡಬಹುದು. ಸೂರಿನ ಕೆಳಗಿನ ಕತ್ತಲೆ, ಮೇಲಿನ ಬೆಳ್ಳನೆ ಆಕಾಶ ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳುತ್ತದೆಯೇ ಎಂದೂ ನೋಡಬಹುದು. ಆಕಾಶವನ್ನು ಉಳಿಸಿದರೆ ಸೂರು ಕಪ್ಪಾಗುತ್ತಿತ್ತು, ಆದರೆ 'ರಾ' ಫೈಲಿನಿಂದ ಆ ಕಪ್ಪನ್ನು ಎತ್ತಿದಾಗ ಕೆತ್ತನೆ ಹಾಗೇ ಮೇಲೆದ್ದು ಬಂತು, ಸ್ವಲ್ಪ ಮರಳು ಮರಳಾಗಿ. ತುಂಗೆಯ ಮೀನುಗಳನ್ನೂ ಬಿಡಲಿಲ್ಲ. ಪೋಲರೈಸರ್ ಗಾಜು ಹಾಕಿ, ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದರೆ ಆಕಾಶದ ಪ್ರತಿಫಲನ ಅಳಿಸಿಹೋಗಿ ಮೀನಿನ ಬೆನ್ನಿನ ಹುರುಪೆ ಕೂಡ ಎಣಿಸಬಹುದು.

ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರಿನ ಸಂಜೆ. ಸೂರ್ಯ ಇಳಿದ ಮೇಲೆ ಕಿತ್ತಳೆಯಿಂದ ಬೂದಿಗೆ, ಬೂದಿಯಿಂದ ನೀಲಿಗೆ ಜಾರುವ ಆಕಾಶ. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 14 ಬಿಟ್ಟಿನ ರಾ ಫೈಲಿನಲ್ಲಿ 16,384. ಜೆಪೆಗ್ ಚಿತ್ರವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಎಳೆದಾಡಿದ್ದೇ ತಡ, ಆಕಾಶದಲ್ಲಿ ಪಟ್ಟೆಗಳು ಮೂಡಿದವು. ಚಿತ್ರ ಚೆನ್ನಾಗಿತ್ತು, ಅಷ್ಟೆ. ಅಂಥ ಸೂರ್ಯಾಸ್ತಗಳು ಎಲ್ಲರ ಮೊಬೈಲಿನಲ್ಲೂ ಇವೆ.

ನಿಜವಾದ ಪರೀಕ್ಷೆ ನಡೆದದ್ದು ಕೊಪ್ಪ-ನರಸಿಂಹರಾಜಪುರದ ದಾರಿಯ ಒಂದು ಮನೆಯಲ್ಲಿ. ಅಡಿಕೆ ಸುಲಿಯುವ ಕಾಲ ಅದು. ರಾತ್ರಿ ಊಟ ಮುಗಿಸಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಸುಲಿದದ್ದನ್ನು ಡಬ್ಬದ ಲೆಕ್ಕದಲ್ಲಿ ಅಳೆದು ಕೂಲಿ. ಅವರಲ್ಲೊಬ್ಬರು ಎಪ್ಪತ್ತರ ಹತ್ತಿರದ ಅಜ್ಜಿ. ನನ್ನ ಕೊರಳಿನ ಕ್ಯಾಮೆರಾ ಕಂಡು, "ನಂದೊಂದು ಸರಿಯಾದ ಫೋಟೊ ತೆಗೀತೀಯಾ ಮಗಾ?" ಎಂದರು. ಮೊಮ್ಮಗಳನ್ನು ಕರೆದು ಎರಡು ಚಿತ್ರ ತರಿಸಿ ತೋರಿಸಿದರು. ಒಂದು ಯಾವುದೋ ಗುರುತಿನ ಚೀಟಿ, ಅದರಲ್ಲಿ ಕಣ್ಣು ಮೂಗು ಏನೂ ಕಾಣದ ಕರಿಯ ಮಸಿ. ಇನ್ನೊಂದು ಸ್ಟುಡಿಯೋದ್ದು. ಅದರಲ್ಲಿ ಅಜ್ಜಿಯ ಮುಖ ರವೆ ಉಂಡೆಯಂತೆ ಬೆಳ್ಳಗೆ, ಒಂದು ಸುಕ್ಕೂ ಇಲ್ಲ. "ಇದು ನಾನಲ್ಲ ಮಾರಾಯ. ಯಾರಿಗೆ ಅಂತ ಕೊಡ್ಲಿ ಇದನ್ನ?" ಎಂದರು. ಮಗಳು ದೂರದ ಊರಿನಲ್ಲಿದ್ದಾಳೆ, ಅವಳಿಗೆ ಕಳಿಸಬೇಕು.

ಕಪ್ಪು ಮೈಬಣ್ಣಕ್ಕೂ ಫೋಟೊಗ್ರಫಿಗೂ ಹಳೆಯ ಮುನಿಸಿದೆ. ಕೊಡಕ್ 1950ರ ದಶಕದಿಂದ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಕಳಿಸುತ್ತಿದ್ದ ಕಾರ್ಡಿನಲ್ಲಿ ಇದ್ದದ್ದು ಒಬ್ಬ ಬಿಳಿಯ ಹೆಂಗಸಿನ ಚಿತ್ರ. 'ಷರ್ಲಿ ಕಾರ್ಡು' ಎಂದೇ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ತಮ್ಮ ಸರಕಿನ ಕಂದು ಛಾಯೆಗಳು ಸರಿಯಾಗಿ ಬರುತ್ತಿಲ್ಲವೆಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ದೂರಿದ್ದೂ ಫಿಲ್ಮು ಸುಧಾರಿಸಲು ಒಂದು ಕಾರಣವಾಯಿತು ಎಂದು ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಬರೆದಿದ್ದಾರೆ. ಮನುಷ್ಯರ ದೂರಿಗಿಂತ ಮೇಜು ಕುರ್ಚಿಯ ದೂರು ಬೇಗ ಮುಟ್ಟಿತೋ ಏನೋ!

ಡಿಜಿಟಲ್ ಸೆನ್ಸರಿಗೆ ಅಂಥ ಪಕ್ಷಪಾತವಿಲ್ಲ, ಅದು ಬೆಳಕಿನ ಕಣ ಎಣಿಸುತ್ತದೆ ಅಷ್ಟೆ. ಆದರೆ ಎಣಿಕೆಯಲ್ಲೇ ಒಂದು ತೊಡಕಿದೆ. ಅಂಗಳದಲ್ಲಿ ಸಾಲಾಗಿ ಪಾತ್ರೆ ಇಟ್ಟು ನೋಡಿ. ಜಡಿಮಳೆಯಲ್ಲಿ ಎಲ್ಲ ಪಾತ್ರೆಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ನಾಲ್ಕೇ ಹನಿ ಉದುರಿದರೆ ಒಂದರಲ್ಲಿ ಎರಡು ಹನಿ, ಇನ್ನೊಂದರಲ್ಲಿ ಒಂದೂ ಇಲ್ಲ. ಬೆಳಕೂ ಹಾಗೇ. ಒಂದು ಚುಕ್ಕಿಗೆ 10,000 ಕಣ ಬಿದ್ದರೆ ಏರುಪೇರು ಸುಮಾರು 100, ಅಂದರೆ ಶೇಕಡಾ ಒಂದು. 100 ಕಣ ಮಾತ್ರ ಬಿದ್ದರೆ ಏರುಪೇರು 10, ಶೇಕಡಾ ಹತ್ತು. ಮರಳು ಮರಳಾಗಿ ಕಾಣುವುದು ಇದೇ. ಕಪ್ಪು ಮುಖ ಕಡಿಮೆ ಬೆಳಕು ಹಿಂದಿರುಗಿಸುತ್ತದೆ, ಆದ್ದರಿಂದ ಕ್ಯಾಮೆರಾದ ದೌರ್ಬಲ್ಯವೆಲ್ಲ ಮೊದಲು ಬಂದು ಕೂರುವುದು ಅಂಥ ಮುಖದ ಮೇಲೆ. ಬೆಳ್ಳಗಿನವರನ್ನು ಕೂರಿಸಿ ಪರೀಕ್ಷಿಸಿದ ಕ್ಯಾಮೆರಾ ಪಾಸಾದರೂ ಈ ಕೊಟ್ಟಿಗೆಯಲ್ಲಿ ನಪಾಸಾಗಬಹುದು. ಇನ್ನು ಆ ಎಣಿಕೆಯಿಂದ ಚಿತ್ರ ಕಟ್ಟುವಾಗ ಎಷ್ಟು ಬೆಳಗಿಸಬೇಕು, ಎಷ್ಟು ನಯಗೊಳಿಸಬೇಕು ಎನ್ನುವುದು ಮನುಷ್ಯರದೇ ತೀರ್ಮಾನ. ಸ್ಟುಡಿಯೋದವನ ರವೆ ಉಂಡೆ ಬಂದದ್ದು ಅಲ್ಲಿಂದ.

ಐಎಸ್ಒ 100ರಿಂದ 6400ರವರೆಗೆ ಒಂದೊಂದಾಗಿ ತೆಗೆದೆ. ಕೊಟ್ಟಿಗೆಯ ಎಲ್ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ನೂರು ಬಾರಿ ಮಿಣುಕುತ್ತಿತ್ತು. ಶಟರ್ ವೇಗ 1/250 ಇಟ್ಟರೆ ಒಂದು ಚಿತ್ರ ಬೆಳಕು, ಇನ್ನೊಂದು ಮಬ್ಬು. 1/100ಕ್ಕೆ ಇಳಿಸಿದಾಗ ನಿಂತಿತು. 1600ರವರೆಗೆ ಅಜ್ಜಿಯ ಕೆನ್ನೆಯ ಸುಕ್ಕು ಸುಕ್ಕಾಗಿಯೇ ಉಳಿಯಿತು. 3200ರಲ್ಲಿ ಸುಕ್ಕು ಯಾವುದು, ಮರಳು ಯಾವುದು ತಿಳಿಯಲಿಲ್ಲ. 6400ರಲ್ಲಿ ಗುರುತಿನ ಚೀಟಿಯ ಹತ್ತಿರ ಹತ್ತಿರಕ್ಕೆ ಬಂತು. ಮೀಟರಿನ ಮಾತು ಕೇಳದೆ, ಹಿಂದಿನ ಸುಣ್ಣದ ಗೋಡೆ ಸ್ವಲ್ಪ ಸುಟ್ಟರೂ ಸುಡಲಿ ಎಂದು ಮುಖಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಚೊಗರು ಹಿಡಿದ ಬೆರಳುಗಳ ಕಂದು, ಉಗುರಿನ ಬುಡದ ಕಪ್ಪು ಬೇರೆ ಬೇರೆಯಾಗಿ ಕಂಡವು.

18 ಮೆಗಾಪಿಕ್ಸೆಲ್ ಎಂದರೆ 5184ಕ್ಕೆ 3456 ಚುಕ್ಕಿ. ಇಂಚಿಗೆ 300ರಂತೆ ಹದಿನೇಳು ಇಂಚು ದಾಟುತ್ತದೆ, 12-18ರ ಪ್ರಿಂಟಿಗೆ ಸಾಕೋ ಸಾಕು. ಮಿರುಗದ ಕಾಗದದಲ್ಲಿ ಹಾಕಿಸಿ, ಕ್ಯಾಮೆರಾದ ಹಣ ಕೊಟ್ಟು ಬರುವ ದಿನವೇ ಅಜ್ಜಿಯ ಮನೆಗೂ ಒಯ್ದೆ. ಅಜ್ಜಿ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮೊಮ್ಮಗಳು "ಅಜ್ಜೀ, ನೀನೇ!" ಎಂದಳು. ಅಜ್ಜಿ ಒಳಗೆ ಹೋಗಿ ಅವತ್ತು ಉಟ್ಟಿದ್ದ ಸೀರೆಯನ್ನು ತಂದು ಚಿತ್ರದ ಪಕ್ಕ ಇಟ್ಟರು.

"ಮುಖ ಸರಿಯುಂಟು. ಸೀರೆ ಇಷ್ಟು ಕೆಂಪಿಲ್ಲ, ನೋಡು."

ನಿಜ. ಕೆಂಪು ಚುಕ್ಕಿಗಳು ತುಂಬಿ ಹೊರಚೆಲ್ಲಿ, ಸೀರೆಯ ನೆರಿಗೆಗಳೆಲ್ಲ ಒಂದೇ ಕುಂಕುಮದ ಮುದ್ದೆಯಾಗಿದ್ದವು. ರಾ ಫೈಲಿನಲ್ಲಿ ನೆರಿಗೆ ಇನ್ನೂ ಉಳಿದಿತ್ತು. ಕೆಂಪನ್ನು ಇಳಿಸಿ ಎರಡನೇ ಪ್ರಿಂಟು ಹಾಕಿಸಿದ್ದೇನೆ, ಮಗಳಿಗೆ ಕಳಿಸುವುದು ಅದು.