ಬಿಲ್ಲಿಗೊಪ್ಪುವ ಬಾಣ

ಬಿಲ್ಲನ್ನು ಹೊಗಳುವವರು ಬಹಳ, ಬಾಣವನ್ನು ಪರೀಕ್ಷಿಸುವವರು ವಿರಳ. ಬಿಲ್ಲುವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿತ್ತು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರನ್ನು ಇಂದಿಗೂ ಕಾಣಬಹುದು. ಕ್ರಿ.ಶ. 941ರಲ್ಲಿ ಪಂಪ ತನ್ನ ಭಾರತಕ್ಕೆ ಬಿಲ್ಲಾಳು ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡನು. ಬೇಡರ ಕಣ್ಣಪ್ಪನ ಕಥೆಯನ್ನು ಕೇಳದ ಶಿವಭಕ್ತರ ಮನೆಯೇ ಇಲ್ಲ.

ಈಚಿನ ವರ್ಷಗಳಲ್ಲಿ ನಮ್ಮವರ ಮಕ್ಕಳೂ ಈ ವಿದ್ಯೆಯತ್ತ ಒಲಿದಿರುವುದು ಸಂತೋಷದ ಸಂಗತಿ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗಾಗಿ ‘ಇಂಡಿಯನ್ ರೌಂಡ್’ ಎಂಬ ಪ್ರತ್ಯೇಕ ವಿಭಾಗವಿದೆ. ಬಯಲು ಬಿಲ್ಲುಗಾರಿಕೆ ಎಂಬ ಇನ್ನೊಂದು ಕ್ರಮದಲ್ಲಿ ಕಾಡು, ಇಳಿಜಾರು, ಕಲ್ಲುಹಾದಿಗಳಲ್ಲಿ ನಡೆಯುತ್ತ 24 ಗುರಿಗಳಿಗೆ ಮೂರು ಮೂರರಂತೆ 72 ಬಾಣಗಳನ್ನು ಬಿಡಬೇಕು. ಗುರಿ ತಪ್ಪಿದ ಬಾಣ ಕಲ್ಲಿಗೋ ಬೇರಿಗೋ ಬಡಿಯುತ್ತದೆ. ಆದುದರಿಂದ ಬಾಣವನ್ನು ಆರಿಸುವ ಮತ್ತು ಸರಿಪಡಿಸುವ ತಿಳಿವು ಇಲ್ಲಿ ಬಿಲ್ಲಿನಷ್ಟೇ ಮುಖ್ಯ.

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾವು ಅಗ್ನಿಪುರಾಣದ 249ರಿಂದ 252ರವರೆಗಿನ ಧನುರ್ವೇದದ ಅಧ್ಯಾಯಗಳನ್ನು ಕುತೂಹಲದಿಂದ ನೋಡಿದ್ದೆವು. ಮುಂದೆ ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದವನ್ನೂ ಓದಿದೆವು. ಅಂಬಿನ ಕಡ್ಡಿ ಅತಿ ದಪ್ಪವಾಗಿರಬಾರದು, ಅತಿ ತೆಳುವೂ ಆಗಿರಬಾರದು, ಚೆನ್ನಾಗಿ ಬಲಿತು ಬಣ್ಣ ತಿರುಗಿರಬೇಕು, ಸಕಾಲದಲ್ಲಿ ಕೊಯ್ದದ್ದಾಗಿರಬೇಕು ಎಂಬುದು ಅಲ್ಲಿನ ವಿಧಿ. ಮುಂಭಾಗ ದಪ್ಪವಾದ ಬಾಣ ದೂರ ಹೋಗುವುದಕ್ಕೆ, ಹಿಂಭಾಗ ದಪ್ಪವಾದದ್ದು ಗಟ್ಟಿಯಾದುದನ್ನು ಭೇದಿಸುವುದಕ್ಕೆ, ಉದ್ದಕ್ಕೂ ಸಮವಾದದ್ದು ಗುರಿಯ ಅಭ್ಯಾಸಕ್ಕೆ ಎಂದು ಮೂರು ಬಗೆಗಳನ್ನೂ ಅದು ಹೇಳುತ್ತದೆ. ನಮ್ಮ ಮಕ್ಕಳಿಗೆ ಬೇಕಾದುದು ಈ ಮೂರನೆಯ ಬಗೆ.

ಬಿಟ್ಟ ಬಾಣ ನೆಟ್ಟಗೆ ಹೋಗುವಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಹೆದೆಯ ನೂಕಿಗೆ ಬಾಗಿ, ಬಿಲ್ಲಿನ ಮೈಯನ್ನು ಬಳಸಿಕೊಂಡು, ಮತ್ತೆ ನೆಟ್ಟಗಾಗುತ್ತ ಸಾಗುತ್ತದೆ. ಕಡ್ಡಿ ಬಹಳ ಬಿರುಸಾದರೂ ಬಹಳ ಮೆದುವಾದರೂ ಬಾಣ ಓರೆಯಾಗುತ್ತದೆ. ಇದನ್ನು ಅಳೆಯುವ ಕ್ರಮ ಸರಳವಾದುದು. 26 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 2 ಪೌಂಡು, ಎಂದರೆ ಸುಮಾರು 900 ಗ್ರಾಂ ತೂಕವನ್ನು ತೂಗುಹಾಕಬೇಕು. ಕಡ್ಡಿ ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಬೇಕು. ಅರ್ಧ ಇಂಚು ಬಾಗಿದರೆ ಉತ್ತರ 52. ಅದು ಸುಮಾರು ಅಷ್ಟೇ ಪೌಂಡು ಸೆಳೆತದ ಬಿಲ್ಲಿಗೆ ಒಪ್ಪುವ ಕಡ್ಡಿ.

ಬಿದಿರನ್ನು ಆರಿಸುವವರು ಮೇದಾರರಲ್ಲಿ ಕೇಳಿ ಕಲಿಯುವುದು ಲೇಸು. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನವರದು ಇದೇ ಕಾಯಕ. ಮೂರು ವರ್ಷವಾದರೂ ಬಲಿಯದ ಬಿದಿರು ಒಣಗುವಾಗ ಸುಕ್ಕಿ ಸೊಟ್ಟಗಾಗುತ್ತದೆ, ಬೇಗ ಹುಳುವೂ ಹಿಡಿಯುತ್ತದೆ. ಗರಿಗಳ ವಿಷಯದಲ್ಲಿ ಮಾತ್ರ ಹಳೆಯ ಗ್ರಂಥಗಳನ್ನು ಅನುಸರಿಸಲಾಗದು. ಅವು ಹೇಳುವ ಹದ್ದಿನ ಜಾತಿಯ ಹಕ್ಕಿಗಳು ಇಂದು ಕಾಯ್ದುಕೊಳ್ಳಬೇಕಾದ ಜೀವಿಗಳು. ನಮ್ಮ ನೆರೆಯ ರಾಮದೇವರ ಬೆಟ್ಟ ರಣಹದ್ದುಗಳಿಗಾಗಿ 2012ರಲ್ಲಿ ಧಾಮವಾಯಿತು. ಸಾಕಿದ ಟರ್ಕಿ ಕೋಳಿಯ ಗರಿ ಸಾಕು. ಆದರೆ ಒಂದು ಬಾಣದ ಮೂರು ಗರಿಗಳೂ ಒಂದೇ ಬದಿಯ ರೆಕ್ಕೆಯವಾಗಿರಬೇಕು.

ನಮ್ಮೂರಿನ ಕೂಲಿಕಾರರೊಬ್ಬರು ಕಳೆದ ವರ್ಷ ಮಗನ ಹನ್ನೆರಡು ಬಾಣಗಳನ್ನು ನಮ್ಮಲ್ಲಿಗೆ ತಂದರು. ವಾರದೊಳಗೆ ಸ್ಪರ್ಧೆಯಿತ್ತು. ಒಂದೊಂದನ್ನೂ ಕಿವಿಯ ಬಳಿ ಹಿಡಿದು, ತಿರುಗಿಸುತ್ತ ಮೆಲ್ಲನೆ ಬಾಗಿಸಿ ನೋಡಿದೆವು. ನಾಲ್ಕು ಸೊಟ್ಟಗಾಗಿದ್ದವು, ಕೆಂಡದ ಕಾವಿಗೆ ಹಿಡಿದು, ಕರಿಯಾಗದಂತೆ ತಿರುಗಿಸಿ, ಎದುರು ದಿಕ್ಕಿಗೆ ಒತ್ತಿ ಆರಿಸಿದಾಗ ನೆಟ್ಟಗಾದವು. ಮೂರರ ಗರಿ ಮುದುಡಿತ್ತು. ಕುದಿಯುವ ನೀರಿನ ಹಬೆಗೆ ಅದು ಅರಳಿತು. ಒಂದರ ಮೊನೆ ಸಡಿಲವಾಗಿತ್ತು, ಕೂರಿಸಿದೆವು. ಒಂದರಲ್ಲಿ ಕುಂದೇ ಇರಲಿಲ್ಲ. ಉಳಿದ ಮೂರು ಬಾಗಿಸಿದೊಡನೆ ಚಿಟಕ್ಕೆಂದವು. ಕಣ್ಣಿಗೆ ಕೂದಲೆಳೆಯಷ್ಟು ಬಿರುಕು.

“ಅಯ್ನೋರೇ, ದಾರ ಸುತ್ತಿ ಗೋಂದು ಹಾಕುದ್ರೆ ಆಗಾಕಿಲ್ವಾ? ಹೊಸದು ತರೋಕೆ ದುಡ್ಡೆಲ್ಲೈತೆ?” ಎಂದರು ತಂದೆ. ಆ ಮಾತಿನಲ್ಲಿ ಬಡತನವಿತ್ತು, ತಪ್ಪಿರಲಿಲ್ಲ. ಏನನ್ನೂ ಎಸೆಯಬಾರದೆಂದು ಮಠದಲ್ಲಿ ನಾವೂ ಕಲಿತವರೇ. ಆದರೆ ಬಿರುಕುಬಿಟ್ಟ ಕಡ್ಡಿ ಹೆದೆಯ ಹೊಡೆತಕ್ಕೆ ಸೀಳಿದರೆ, ಅದರ ಸಿಗುರು ಬಿಲ್ಲು ಹಿಡಿದ ಕೈಯನ್ನೇ ಹೊಗುತ್ತದೆ. “ಮೂರು ಹೋದರೆ ಒಂಬತ್ತು ಉಳಿಯುತ್ತವೆ. ಮಗನ ಕೈ ಹೋದರೆ ಉಳಿಯುವುದೇನು?” ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ತಾವೇ ಆ ಮೂರನ್ನೂ ಮೊಣಕಾಲಿಗೆ ಒತ್ತಿ ಮುರಿದರು. ಹುಡುಗ ತುಂಡುಗಳನ್ನು ಹಿತ್ತಿಲಿನ ಅವರೆ ಬಳ್ಳಿಗೆ ಊರುಗೋಲು ಮಾಡಿದ. ಸ್ಪರ್ಧೆಗೆ ಒಂಬತ್ತೇ ಬಾಣಗಳೊಡನೆ ಹೋಗಿಬಂದ.

ಮೊನೆಯ ಬಳಿ ಮುರಿದುದನ್ನು ಕತ್ತರಿಸಿ ಹೊಸ ಮೊನೆ ಹಾಕುವುದುಂಟು. ಆಗ ಬಾಣ ಗಿಡ್ಡವಾಗುತ್ತದೆ, ಬಿರುಸೂ ಆಗುತ್ತದೆ. ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಹಿಂದಕ್ಕೆ ಬರುವಂತಿದ್ದರೆ ಅಂತಹುದನ್ನು ಆ ಮಗುವಿಗೆ ಕೊಡಲೇಬಾರದು. ಹೆದೆ ಕೂರುವ ಕಚ್ಚಿನ ಕೆಳಗೆ ಬಿಗಿಯಾಗಿ ದಾರ ಸುತ್ತುವುದು ಒಳ್ಳೆಯ ರೂಢಿ. ಅದು ಸೀಳನ್ನು ತಡೆಯುವುದಕ್ಕೆ, ಸೀಳಿದುದನ್ನು ಮುಚ್ಚುವುದಕ್ಕಲ್ಲ.

ಸದ್ಭಕ್ತರೇ, ಆಯುಧಪೂಜೆಯ ದಿನ ಮನೆಯಲ್ಲಿ ಬಿಲ್ಲುಬಾಣಗಳಿದ್ದರೆ ವಿಭೂತಿ ಇಡುವ ಮುನ್ನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದು ಬಾಣವನ್ನೂ ಬಾಗಿಸಿ, ಕಿವಿಗೊಟ್ಟು ಕೇಳಿರಿ. ಚಿಟಕ್ಕೆಂದುದನ್ನು ಅಲ್ಲಿಯೇ ಮುರಿದುಹಾಕಿರಿ. ಉಳಿದವಕ್ಕೆ ಪೂಜೆ ಸಲ್ಲಲಿ.