ಮಂಚಾಲೆಯಲ್ಲಿ ಮೊದಲ ದಿನ

ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ತುಂಗಭದ್ರೆಯ ಬಲದಂಡೆಯಲ್ಲಿರುವ ಈ ಊರು ಕರ್ನೂಲು ಜಿಲ್ಲೆಗೆ ಸೇರಿದ್ದು, ಎದುರು ದಂಡೆಯ ನೆಲ ರಾಯಚೂರು ಜಿಲ್ಲೆಯದು. ಹಡಗು ಏರಿ ಸಮುದ್ರವಿಹಾರಕ್ಕೆ ಹೊರಟವರು ಮೊದಲ ದಿನ ತಮ್ಮ ಕೋಣೆ ಯಾವುದು, ಊಟದ ಮನೆ ಎಲ್ಲಿ ಎಂದು ಹುಡುಕಾಡುವಂತೆಯೇ ಈ ನದೀತೀರಕ್ಕೆ ಬಂದಿಳಿದ ಯಾತ್ರಿಕರ ಮೊದಲ ದಿನವೂ ಇವೇ ಎರಡು ಚಿಂತೆಗಳಲ್ಲಿ ಕಳೆಯುತ್ತದೆ. ದೇವರ ದರ್ಶನ ಇವೆರಡರ ನಡುವೆ ಹೇಗೋ ಎಡೆ ಮಾಡಿಕೊಳ್ಳುತ್ತದೆ.

ರೈಲಿನಲ್ಲಿ ಬರುವವರಿಗೆ ಮೊದಲ ಪಾಠವನ್ನು ನಿಲ್ದಾಣದ ಫಲಕವೇ ಕಲಿಸುತ್ತದೆ. ಗುಂತಕಲ್ಲಿನಿಂದ ಹೊರಟ ಗಾಡಿ ಆದವಾನಿ, ಕೋಸಿಗಿ ದಾಟಿ ‘ಮಂತ್ರಾಲಯಂ ರೋಡ್’ ತಲುಪುತ್ತದೆ. ಆ ಹೆಸರಿನ ಕೊನೆಯಲ್ಲಿರುವ ‘ರೋಡ್’ ಎಂಬ ಪದವನ್ನು ಹಗುರವಾಗಿ ಎಣಿಸಿದವರು ಕೆಳಗಿಳಿದು ಗೋಪುರಕ್ಕಾಗಿ ಸುತ್ತ ನೋಡುತ್ತಾರೆ. ಗೋಪುರವಿರುವುದು ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ. ಹೊರಗೆ ಆಟೋಗಳು, ಜೀಪುಗಳು ಕಾದಿರುತ್ತವೆ. ಚಾಲಕರ ಚಾತುರ್ಯ ಮೆಚ್ಚತಕ್ಕದ್ದು. ಗುಂಪಿನೊಳಗಿನ ಒಂದೆರಡು ಮಾತು ಕಿವಿಗೆ ಬಿದ್ದರೆ ಸಾಕು, ನೆಲ್ಲೂರಿನವರೊಡನೆ ತೆಲುಗು, ಹಾಸನದವರೊಡನೆ ಕನ್ನಡ. “ಎಲ್ಲಿಂದ ಬಂದ್ರಿ? ರೂಮು ಆಗೈತೇನ್ರೀ?” ಎಂಬ ಪ್ರಶ್ನೆ ಕೇಳಿದೊಡನೆ ದಕ್ಷಿಣದ ಯಾತ್ರಿಕರ ಮುಖ ಅರಳುತ್ತದೆ. ತಾವು ಇನ್ನೊಂದು ರಾಜ್ಯದಲ್ಲಿದ್ದೇವೆಂಬುದು ಅನೇಕರಿಗೆ ಅಂಗಡಿಗಳ ತೆಲುಗು ಫಲಕ ಕಾಣುವವರೆಗೂ ಹೊಳೆಯುವುದಿಲ್ಲ.

ಕೊಠಡಿ ದೊರಕಿಸಿಕೊಳ್ಳುವುದು ಕಾಲವನ್ನು ಅವಲಂಬಿಸಿದ ವಿಷಯ. ಸಾಧಾರಣ ಸೋಮವಾರವೋ ಮಂಗಳವಾರವೋ ಬಂದ ಕುಟುಂಬಕ್ಕೆ ಕಷ್ಟವಿಲ್ಲ. ಗುರುವಾರ ರಾಯರ ವಾರ. ಹಿಂದಿನ ಸಂಜೆಯಿಂದಲೇ ಜನ ಸೇರುತ್ತಾರೆ. ಶ್ರಾವಣ ಬಹುಳದಲ್ಲಿ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳ ದಿನಗಳಲ್ಲಂತೂ ಮುಂಚಿತವಾಗಿ ಕಾದಿರಿಸದೆ ಬಂದವರು ಜಗಲಿಯನ್ನೇ ಕೊಠಡಿಯೆಂದು ಭಾವಿಸಬೇಕಾಗುತ್ತದೆ. ಮಠದ ವಸತಿಗೃಹಗಳಿವೆ, ಖಾಸಗಿ ವಸತಿಗೃಹಗಳೂ ಇವೆ. ಆಧಾರ್ ಚೀಟಿ ತೋರಿಸಿ, ಠೇವಣಿ ಕಟ್ಟಿ, ಬೀಗದ ಕೈ ಪಡೆದು ಬಾಗಿಲು ತೆರೆದ ಮೇಲೆ ಮನೆಯ ಹಿರಿಯ ಹೆಂಗಸು ಮಾಡುವ ಮೊದಲ ಕೆಲಸ ನಲ್ಲಿ ತಿರುಗಿಸಿ ನೋಡುವುದು. ಎರಡನೆಯದು, ಮನೆಯಿಂದ ತಂದ ಹೊದಿಕೆಯನ್ನು ಹಾಸಿಗೆಯ ಮೇಲೆ ಹರಡುವುದು. ಮಕ್ಕಳು ಅಷ್ಟರಲ್ಲಿ ಮಹಡಿಯ ಮೆಟ್ಟಿಲುಗಳನ್ನು ಎರಡು ಸಲ ಹತ್ತಿಳಿದಿರುತ್ತಾರೆ.

ಮೊಣಕಾಲು ನೋವಿನವರು ಕೆಳಅಂತಸ್ತನ್ನು ಬಯಸುವುದು ಸಹಜ. ಆದರೆ ಊರಿನ ಜನ ಕೆಳಅಂತಸ್ತಿನ ಬಗ್ಗೆ ಮಾತು ಬಂದಾಗ ಒಂದು ಕ್ಷಣ ಸುಮ್ಮನಾಗುತ್ತಾರೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ದಂಡೆ ಮೀರಿ ಊರನ್ನು ನುಂಗಿತು. ಮಠದೊಳಕ್ಕೂ ನೀರು ನುಗ್ಗಿತು. ಯಾತ್ರಿಕರೂ ಊರಿನವರೂ ಮೇಲಂತಸ್ತುಗಳಿಗೆ, ಮಾಳಿಗೆಗಳಿಗೆ ಏರಿ ಸಹಾಯಕ್ಕಾಗಿ ಕಾಯಬೇಕಾಯಿತು. ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಹೊಳೆಯನ್ನು ಮಾತ್ರ ಕಂಡವರಿಗೆ ಇದನ್ನು ನಂಬುವುದು ಕಷ್ಟ.

ಸ್ನಾನಕ್ಕೆ ಹೊಳೆಗೆ ಇಳಿಯುವವರು ಮಳೆಗಾಲದಲ್ಲಿ ಆ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮೇಲೆ ಹೊಸಪೇಟೆಯ ಅಣೆಕಟ್ಟಿನಿಂದ ನೀರು ಬಿಟ್ಟಾಗ ಇಲ್ಲಿ ಆಕಾಶ ನಿರ್ಮಲವಾಗಿದ್ದರೂ ಹೊಳೆ ಏರುತ್ತದೆ. ಸ್ನಾನವಾದ ಬಳಿಕ ದರ್ಶನಕ್ಕೆ ಒಂದು ಕ್ರಮವುಂಟು: ಮೊದಲು ಗ್ರಾಮದೇವತೆ ಮಂಚಾಲಮ್ಮ, ಆಮೇಲೆ ರಾಯರ ಬೃಂದಾವನ. ಊರು ಅವಳದು, ರಾಯರು ಅವಳ ಅನುಮತಿ ಪಡೆದು ನೆಲೆಸಿದವರು ಎಂಬ ನಂಬಿಕೆ ಇದರ ಹಿಂದಿದೆ. ಎಷ್ಟು ದೊಡ್ಡ ಅತಿಥಿಯಾದರೂ ಮನೆಯೊಡತಿಯನ್ನು ಮೊದಲು ಮಾತನಾಡಿಸಬೇಕೆಂಬ ಈ ಮರ್ಯಾದೆ ನಮ್ಮ ಸೀಮೆಯ ಹಳ್ಳಿಗಳದೇ. ಗಂಡಸರು ಅಂಗಿ ಬನಿಯನ್ನುಗಳನ್ನು ತೆಗೆದು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ.

ಸಾಲು ನಿಧಾನವಾಗಿ ಸರಿಯುವ ಹೊತ್ತಿನಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಆದವಾನಿಗೆ ಸಂಬಂಧಿಸಿದವು ಎರಡು. ಮೊದಲನೆಯದು ವೆಂಕಣ್ಣನದು. ಓದು ಬರಹ ಬಾರದ ಅನಾಥ ಹುಡುಗ. ಆದವಾನಿಯ ಅಧಿಪತಿ ದಾರಿಯಲ್ಲಿ ಹೋಗುತ್ತಿರುವಾಗ ಅವನ ಕೈಗೆ ಒಂದು ಪತ್ರ ಬಂದಿತು. ಸಮೀಪದಲ್ಲಿದ್ದ ವೆಂಕಣ್ಣನಿಗೆ ಓದೆಂದು ಆಜ್ಞಾಪಿಸಿದ. ಬರುವುದಿಲ್ಲವೆಂದರೆ ನಂಬುವವರಿಲ್ಲ. ಹುಡುಗ ಕಣ್ಣು ಮುಚ್ಚಿ ರಾಯರನ್ನು ನೆನೆದ. ಅಕ್ಷರಗಳು ನಾಲಗೆಗೆ ಬಂದವು. ಪತ್ರದಲ್ಲಿದ್ದುದು ಶುಭವಾರ್ತೆ. ಆ ಓದಿನಿಂದ ಅವನು ದಿವಾನನಾದನೆಂದೂ ಮುಂದೆ ಮಂಚಾಲೆ ಗ್ರಾಮ ರಾಯರಿಗೆ ದೊರೆಯಲು ನೆರವಾದನೆಂದೂ ಸಂಪ್ರದಾಯ ಹೇಳುತ್ತದೆ. ಇದನ್ನು ಕೇಳಿದ ಮಕ್ಕಳು ಪರೀಕ್ಷೆಯ ಹಿಂದಿನ ದಿನ ಅದೇ ಉಪಾಯವನ್ನು ನೆಚ್ಚಿಕೊಳ್ಳಬಾರದೆಂದು ತಾಯಂದಿರು ಕೂಡಲೇ ಸೇರಿಸುತ್ತಾರೆ.

ಎರಡನೆಯದು ತಟ್ಟೆಯ ಕಥೆ. ಬಿಜಾಪುರದ ಆದಿಲಶಾಹಿಗಳ ಪರವಾಗಿ ಆದವಾನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ರಾಯರನ್ನು ಪರೀಕ್ಷಿಸಲು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸವನ್ನಿಟ್ಟು ಒಪ್ಪಿಸಿದನಂತೆ. ಪ್ರೋಕ್ಷಣೆಯಾಗಿ ಬಟ್ಟೆ ತೆಗೆದಾಗ ಅದರಲ್ಲಿ ಹೂವು ಹಣ್ಣುಗಳಿದ್ದವು. ನಾಚಿದ ಅಧಿಪತಿ ಫಲವತ್ತಾದ ಗ್ರಾಮಗಳನ್ನು ಕೊಡಲು ಮುಂದಾದರೂ ರಾಯರು ಒಣಭೂಮಿಯ ಮಂಚಾಲೆಯನ್ನೇ ಕೇಳಿದರು. 1671ರಲ್ಲಿ, ಶ್ರಾವಣ ಬಹುಳ ದ್ವಿತೀಯದಂದು, ಇಲ್ಲಿಯೇ ಬೃಂದಾವನ ಪ್ರವೇಶಿಸಿದರು. ಅದರ 350ನೆಯ ಆರಾಧನೆ 2021ರಲ್ಲಿ ನಡೆಯಿತು.

ಕಾನೂನು ಬಲ್ಲವರಿಗೆ ಹೆಚ್ಚು ರುಚಿಸುವ ಕಥೆ ಥಾಮಸ್ ಮನ್ರೋನದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಮನ್ರೋ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರ್ ಆಗಿದ್ದ. ಇನಾಮು ಗ್ರಾಮದ ಹಕ್ಕನ್ನು ವಿಚಾರಿಸಲು ಮಂಚಾಲೆಗೆ ಬಂದವನು ಟೋಪಿ, ಪಾದರಕ್ಷೆ ತೆಗೆದು ಬೃಂದಾವನದ ಮುಂದೆ ನಿಂತು, ಇತರರಿಗೆ ಕಾಣದ ಯತಿಯೊಬ್ಬರೊಡನೆ ಮಾತನಾಡಿ, ಇನಾಮು ಸಿಂಧುವೆಂದು ಒಪ್ಪಿಕೊಂಡು ಹೊರಟನೆಂದು ಐತಿಹ್ಯ. ಬಳ್ಳಾರಿ ಜಿಲ್ಲೆಯ ಹಳೆಯ ಗೆಜೆಟಿಯರಿನಲ್ಲೂ ಈ ಕಥೆಗೆ ಎಡೆ ಸಿಕ್ಕಿದೆ. ಪ್ರತಿವಾದಿಯನ್ನು ಖುದ್ದಾಗಿ ವಿಚಾರಿಸಿ ತೀರ್ಪು ಕೊಟ್ಟ ಇಂಥ ಪ್ರಕರಣ ಬೇರೆಲ್ಲೂ ಇರಲಾರದು. ಕೈಗೆ ಬಂದ ಮಂತ್ರಾಕ್ಷತೆಯನ್ನು ಆತ ತನ್ನ ಅಡುಗೆಯವನಿಗೆ ಕೊಟ್ಟು ಅಂದಿನ ಊಟದಲ್ಲಿ ಬೆರೆಸಲು ಹೇಳಿದನೆಂಬುದು ಕಥೆಯ ಕೊನೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹೆಜ್ಜೆಯೂ ಭೋಜನಶಾಲೆಯ ಕಡೆ. ಬಂದವರಿಗೆಲ್ಲ ಅನ್ನಪ್ರಸಾದ, ಹಣದ ಮಾತಿಲ್ಲ. ಹೊಸಬರು ಸಾಲಿನಲ್ಲಿ ನಿಂತು ಆತಂಕಪಡುತ್ತಾರೆ: ಒಳಗೆ ಸ್ಥಳವಿದೆಯೇ, ಅಜ್ಜಿಗೆ ನೆಲದ ಮೇಲೆ ಕೂರಲಾದೀತೇ, ಮಗು ಇಷ್ಟು ಹೊತ್ತು ತಡೆದೀತೇ. ಬಾಗಿಲು ತೆರೆಯುತ್ತಲೇ ಆತಂಕವೆಲ್ಲ ಗದ್ದಲದಲ್ಲಿ ಕರಗಿಹೋಗುತ್ತದೆ. ಬಡಿಸುವವರು ಬಕೆಟ್ಟು ಹಿಡಿದು ಪಂಕ್ತಿಯುದ್ದಕ್ಕೂ ಓಡುವಂತೆ ಬರುತ್ತಾರೆ. ಬಿಸಿ ಅನ್ನ, ಅದರ ನಡುವೆ ಗುಳಿ ಮಾಡುವಷ್ಟರಲ್ಲಿ ಸಾರು, ಸಾರು ಕಲಸಿ ಮುಗಿಸುವಷ್ಟರಲ್ಲಿ ಹುಳಿ, ಒಂದು ಪಲ್ಯ, ಸ್ವಲ್ಪ ಪಾಯಸ, ಕಡೆಗೆ ಮಜ್ಜಿಗೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಅಡುಗೆ. ಮನೆಯಲ್ಲಿ ಸಾರು ಕಂಡರೆ ಮುಖ ಸಿಂಡರಿಸುವ ಹುಡುಗರು ಇಲ್ಲಿ ಎರಡನೆಯ ಸಲ ಕೈಯೆತ್ತುವುದನ್ನು ಕಂಡ ತಾಯಂದಿರ ಮನಸ್ಸಿನಲ್ಲಿ ಸಂತೋಷದ ಜೊತೆಗೆ ಸಣ್ಣ ಅಸಮಾಧಾನವೂ ಮೂಡದಿರದು.

ಅಪರಿಚಿತರ ನಡುವೆ ಕುಳಿತು ಉಣ್ಣುವುದರಲ್ಲಿ ಒಂದು ಶಿಕ್ಷಣವಿದೆ. ಬಲಕ್ಕೆ ತಮಿಳು, ಎಡಕ್ಕೆ ತೆಲುಗು, ಎದುರಿಗೆ ಮರಾಠಿ. ನಡುವೆ ಹರಿದಾಡುವ ಮಾತು ಕನ್ನಡ. ‘ಅನ್ನ’, ‘ಸಾರು’, ‘ಸಾಕೇನ್ರೀ’, ‘ಇನ್ನೊಂದೀಟು’ ಎಂಬ ಶಬ್ದಗಳು ಎಲ್ಲರಿಗೂ ತಿಳಿಯುತ್ತವೆ. ತಿಳಿಯದವರಿಗೆ ಸೌಟೇ ಅನುವಾದಕ. ಏಕಾದಶಿಯ ದಿನ ಮಾತ್ರ ಎಚ್ಚರ ಬೇಕು. ಮಾಧ್ವ ಸಂಪ್ರದಾಯದಲ್ಲಿ ಅದು ಉಪವಾಸದ ದಿನ. ಪಂಚಾಂಗ ನೋಡದೆ ಚಿಕ್ಕ ಮಕ್ಕಳೊಡನೆ ಹೊರಟವರು ಹೊರಗಿನ ಹೋಟೆಲುಗಳನ್ನು ಆಶ್ರಯಿಸಬೇಕಾಗುತ್ತದೆ.

ಹಾಗೆ ಹೊರಗೆ ಉಣ್ಣಬೇಕಾದುದು ನಷ್ಟವೇನೂ ಆಗದು. ನೆನೆಸಿ ಹಿಂಡಿದ ಮಂಡಾಳಿಗೆ ಒಗ್ಗರಣೆ ಹಾಕಿ, ಹುರಿಗಡಲೆಯ ಪುಡಿ ಉದುರಿಸಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಡುವ ತಿಂಡಿ ಆದವಾನಿಯಲ್ಲಿ ‘ಉಗ್ಗಾನಿ ಬಜ್ಜಿ’. ಹೊಳೆಯಾಚೆ ರಾಯಚೂರಿನಲ್ಲಿ ಅದೇ ‘ವಗ್ಗರಣಿ ಮಿರ್ಚಿ’. ಒಗ್ಗರಣೆಯೇ ನಾಲಗೆಯಿಂದ ನಾಲಗೆಗೆ ಸಾಗುತ್ತ ಉಗ್ಗಾನಿಯಾಯಿತೋ ಏನೋ, ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ. ತಿನ್ನುವವರಿಗೆ ತೀರ್ಪು ಬರುವವರೆಗೆ ಕಾಯುವ ತಾಳ್ಮೆಯಿಲ್ಲ. ಊರಿಗೆ ಒಯ್ಯಲು ರವೆ, ಸಕ್ಕರೆ, ತುಪ್ಪಗಳ ಪರಿಮಳ ಪ್ರಸಾದವಿದೆ. ಅದನ್ನು ಮೊದಲ ದಿನವೇ ಕೊಂಡರೆ ಊರು ಮುಟ್ಟುವುದು ಅರ್ಧ ಮಾತ್ರ.

ಊಟವಾದ ಮೇಲೆ ಕೊಠಡಿಗಳಲ್ಲಿ ನಿದ್ದೆ. ಹೊರಗೆ ನೆರಳಿನಲ್ಲಿ ಆಟೋ ಚಾಲಕರು, ಹೂವು ಮಾರುವವರು, ಸಾಮಾನು ಹೊರುವವರು ಹರಟುತ್ತಾರೆ. ಅತಿಥಿಗಳಲ್ಲಿ ಯಾರಾದರೂ ಎಚ್ಚರವಾಗಿದ್ದು ಹೊರಗೆ ಬಂದರೆ ವಾಡಿಕೆಯಂತೆ ಒಂದು ಪ್ರಶ್ನೆ ಹುಟ್ಟುತ್ತದೆ: “ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ! ಎಲ್ಲಿ ಕಲಿತಿರಿ?” ಕೋಸಿಗಿಯ ಅಥವಾ ಕೌತಾಳದ ಕಡೆಯವನಾದ ಚಾಲಕನಿಗೆ ಇದಕ್ಕೆ ಏನು ಹೇಳಬೇಕೆಂಬುದು ತಿಳಿಯದು. ತಾಯಿಯ ಮಾತನ್ನು ಎಲ್ಲಿ ಕಲಿತೆಯೆಂದು ಯಾರನ್ನಾದರೂ ಕೇಳುವುದುಂಟೇ? “ನಮ್ಮ ಮನ್ಯಾಗ ಇದೇ ರೀ” ಎಂದು ನಕ್ಕು ಸುಮ್ಮನಾಗುತ್ತಾನೆ.

ಮೆಚ್ಚುಗೆಯ ಆ ಪ್ರಶ್ನೆಯೊಳಗೆ ಒಂದು ಮರೆವು ಅಡಗಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲೂಕುಗಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಆದವಾನಿ ತಾಲೂಕಿನೊಳಗಿದ್ದ ಮಂಚಾಲೆಯೂ ಅದರೊಂದಿಗೆ ಕರ್ನೂಲು ಜಿಲ್ಲೆಗೆ ಸೇರಿತು. ಜನ ಮನೆ ಬಿಟ್ಟು ಕದಲಲಿಲ್ಲ. ಗೆರೆ ಅವರನ್ನು ದಾಟಿಹೋಯಿತು. ದಾಸಸಾಹಿತ್ಯದ ವಿಜಯದಾಸರು 1755ರಲ್ಲಿ ಕಡೆಯುಸಿರೆಳೆದ ಚಿಪ್ಪಗಿರಿ ಇರುವುದೂ ಇದೇ ಆಲೂರಿನ ಸೀಮೆಯಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ರಾಜ್ಯಗಳಿಗೆ ಹೇಳುತ್ತ ಬಂದಿದೆ. ಈ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳು ನಿಂತಿರುವ ನೆಲ ಅದು.

ಕನ್ನಡ ಓದಿ ಆಂಧ್ರದಲ್ಲಿ ಏನು ಮಾಡುವುದೆಂದು ಕೇಳುವ ನೆಂಟರು ಪ್ರತಿಯೊಂದು ಮನೆಗೂ ಬರುತ್ತಾರೆ. ಅವರಿಗೆ ಮಂತ್ರಾಲಯವನ್ನು ತೋರಿಸಿ ಬಾಯಿ ಮುಚ್ಚಿಸಬಹುದೆಂದು ಕೆಲವರು ಭಾವಿಸುತ್ತಾರೆ. ಅದು ಪೂರ್ತಿ ಸರಿಯಾಗದು. ಅತಿಥಿಯ ಭಾಷೆ ಬಲ್ಲವನಿಗೆ ಇಲ್ಲಿ ದಿನದ ಗಳಿಕೆ ಇದೆ, ಬಾಡಿಗೆ ಇದೆ, ವ್ಯಾಪಾರವಿದೆ. ಮಾತನಾಡುವ ಕನ್ನಡ ಇಷ್ಟಕ್ಕೆ ಸಾಕು. ಶಾಲೆಯಲ್ಲಿ ಹತ್ತು ವರ್ಷ ಕಲಿತ ಬರೆಯುವ ಕನ್ನಡಕ್ಕೆ, ವ್ಯಾಕರಣಕ್ಕೆ, ಗಣಿತ ವಿಜ್ಞಾನಗಳನ್ನು ಕನ್ನಡದಲ್ಲಿ ಅರಿತ ಬುದ್ಧಿಗೆ ತಕ್ಕ ಕೆಲಸ ಈ ಬೀದಿಯಲ್ಲಿ ಬಹಳವಿಲ್ಲ. ಆದರೂ ಇಲ್ಲಿಗೆ ಬರುವ ಕನ್ನಡ ಶಾಲೆಯ ಮಗು ಒಂದನ್ನು ಪಡೆಯುತ್ತದೆ. ಆದವಾನಿಯ ಪೇಟೆಯಲ್ಲಿ ತೆಲುಗು ಫಲಕಗಳ ನಡುವೆ ತನ್ನ ಪಠ್ಯಪುಸ್ತಕದ ಲಿಪಿಯನ್ನು ಅಪರೂಪಕ್ಕೆ ಕಾಣುವ ಮಗು, ಇಲ್ಲಿ ಗೋಡೆಗಳ ಮೇಲಿನ ಸೇವಾವಿವರಗಳನ್ನು, ಸೂಚನೆಗಳನ್ನು ಗಟ್ಟಿಯಾಗಿ ಓದುತ್ತ ನಡೆಯುತ್ತದೆ. ಕನ್ನಡಕ ಮರೆತು ಬಂದ ಬೆಂಗಳೂರಿನ ಅಜ್ಜಿಯೊಬ್ಬರು “ಅದೇನು ಬರೆದಿದೆ, ಸ್ವಲ್ಪ ಓದಪ್ಪ” ಎಂದರೆ ಓದಿ ಹೇಳುತ್ತದೆ. ಕಣ್ಣು ಮುಚ್ಚಿ ಯಾರನ್ನೂ ನೆನೆಯಬೇಕಾಗಿಲ್ಲ.

ಸಂಜೆ ಪ್ರಾಕಾರದಲ್ಲಿ ರಥೋತ್ಸವ. ದೀಪಗಳ ನಡುವೆ ಉತ್ಸವಮೂರ್ತಿ ಪ್ರದಕ್ಷಿಣೆ ಬರುವುದನ್ನು ಕಾಣಲು ಮಧ್ಯಾಹ್ನ ಮಲಗಿದ್ದವರೆಲ್ಲ ತಲೆ ಬಾಚಿಕೊಂಡು ಬಂದಿರುತ್ತಾರೆ. ನದಿಯ ಕಡೆಯಿಂದ ಗಾಳಿ ಬೀಸುತ್ತದೆ. ಎದುರು ದಂಡೆಯಲ್ಲಿ ಒಂದೆರಡು ದೀಪಗಳು.

ಎರಡನೆಯ ದಿನ ಸಾಮಾನ್ಯವಾಗಿ ಆ ದಂಡೆಗೆ ಮೀಸಲು: ಸೇತುವೆ ದಾಟಿ ಗಾಣಧಾಳದ ಪಂಚಮುಖಿ ಪ್ರಾಣದೇವರು, ಬಳಿಕ ಬಿಚ್ಚಾಲೆ. ರಾಯರು ಮಂಚಾಲೆಗೆ ಬರುವ ಮೊದಲು ಹಲವು ಕಾಲ ಉಳಿದದ್ದು ಬಿಚ್ಚಾಲೆಯ ಅಪ್ಪಣ್ಣಾಚಾರ್ಯರ ಬಳಿ. ಅಪ್ಪಣ್ಣಾಚಾರ್ಯರು ಮರದ ಕೆಳಗೆ ಪಾಠಶಾಲೆ ನಡೆಸುತ್ತಿದ್ದರು. ಭಿಕ್ಷೆಯಲ್ಲಿ ಬಂದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಂಬೆಗೆ ತೂಗುಹಾಕಿ ಪಾಠ ಆರಂಭಿಸಿದರೆ, ಪಾಠ ಮುಗಿಯುವ ಹೊತ್ತಿಗೆ ಅದು ಅನ್ನವಾಗಿರುತ್ತಿತ್ತೆಂದು ಅಲ್ಲಿನವರು ಹೇಳುತ್ತಾರೆ. ರಾಯರಿಗಾಗಿ ಚಟ್ನಿ ರುಬ್ಬುತ್ತಿದ್ದ ಕಲ್ಲನ್ನೂ ತೋರಿಸುತ್ತಾರೆ. ಅಲ್ಲಿಗೆ ಬಿಸಿಲೇರುವ ಮೊದಲು ತಲುಪಬೇಕಾದರೆ ಆಟೋದವನೊಡನೆ ರಾತ್ರಿಯೇ ಮಾತನಾಡಿ ದರ ನಿಶ್ಚಯಿಸಿಕೊಂಡಿರುವುದು ಮೇಲು.